ಕೀಗೊಂದು ದಿಂಡುಕ್ಕಲ್ ಬೀಗ

ಬೋಡಿನಾಯಕನೂರು
28-1-1999, ಗುರುವಾರ ಮಧ್ಯಾಹ್ನ

ಕಣ್ಣೂ, ಇಂದುಜಾ,

ಎಲ್ಲಾ ಕ್ಷೇಮ ಅಂತ ಮೊದಲ ಸಾಲು ಬರೆಯೋಕೆ ಕೈ ಬರ್ತಿಲ್ಲ. ಲಾರಿ ಖಾಲಿ ಬಂದು ನಿಂತದ್ದು ನೋಡಿ, ಡ್ರೈವರ್ ಕೈಯಿಂದ ಈ ಕವರ್ ಕಿತ್ಕೊಂಡು ಹರಿದಿರ್ತೀಯ. ಎದೆ ಗಟ್ಟಿ ಮಾಡ್ಕೊ ತಾಯಿ. ನಿನ್ನ ವಂಡಿ ಇನ್ನಿಲ್ಲ. ನಿನ್ನೆ ಬುಧವಾರ ಸಾಯಂಕಾಲ ನಾಲ್ಕೂವರೆಗೆ, ಜೀಪ್ ಸ್ಟ್ಯಾಂಡಲ್ಲಿ, ಬೇವಿನ ಮರದ ಕೆಳಗೆ, ಬೆಂಕಿ. ಪೆರುಮಾಳ್ ಕೈಯಿಂದ್ಲೇ ಹತ್ಕೊಂಡ್ತು. ಜೀಪಿನ ಬಾನೆಟ್ ಮೇಲೆ ಆಳೆತ್ತರ ಹೊಗೆ. ಸುತ್ತ ಮೂವತ್ತು ಜನ ಡ್ರೈವರ್‌ಗಳು ನಿಂತಿದ್ರು, ಒಬ್ಬನೂ ಒಂದು ಚೊಂಬು ನೀರು ತರ್ಲಿಲ್ಲ. ಕೈ ಮುಗಿದು ಚುಮ್ಮಾ ನೋಡ್ತಾ ನಿಂತ್ರು. ನಿನ್ನ ಅಜ್ಜಿ ಪೇಚ್ಚಿಯಮ್ಮಾಳ್ ಕಣ್ಣಲ್ಲಿ ನೀರು ಅಂದ್ರೆ ನೀರು.

ಸರಿ ಸರಿ, ಅಳ್ಬೇಡ. ಕರ್ಪೂರದ ಮೇಲೆ ನೀರು ಹಾಕಿದ್ರೆ ಸಾಮಿ ಸುಮ್ನಿರ್ತಾನಾ? ಅದಕ್ಕೇ ಯಾರೂ ತರ್ಲಿಲ್ಲ. ಬೆಂಕಿ ಕರ್ಪೂರದ್ದು, ಹೊಗೆ ಸಾಂಬ್ರಾಣಿದು, ಅಜ್ಜಿ ಕಣ್ಣೀರು ಅರ್ಧ ಸಾಂಬ್ರಾಣಿಗೆ, ಅರ್ಧ ನಿನಗೆ. ವಂಡಿಗೆ ಮೂರು ಸುತ್ತು ಸುತ್ತಿ ಬೂದುಗುಂಬಳ ಒಡೆದದ್ದು ಪೆರುಮಾಳೇ. ಇನ್ನು ‘ನಿನ್ನ ವಂಡಿ ಇನ್ನಿಲ್ಲ’ ಅಂದೆನಲ್ಲ, ಅದು ಸುಳ್ಳಲ್ಲ. ಇನ್ನು ಅದು ನಿನ್ನ ವಂಡಿ ಅಲ್ಲ, ಸ್ಟ್ಯಾಂಡ್ ವಂಡಿ. ಸಾಲಲ್ಲಿ ನಂಬರ್ ಸಿಕ್ತು ಕಣ್ಣು! ಅದಕ್ಕೇ ಲಾರಿ ಖಾಲಿ. ಪೂರ್ತಿ ಖಾಲಿ ಅಲ್ಲ, ಸೀಟ್ ಹಿಂದೆ ಒಂದು ಬುಟ್ಟಿ ಕಂಬಂ ದ್ರಾಕ್ಷಿ ಇಟ್ಟಿದೀನಿ. ಡ್ರೈವರ್ ತಿಂದು ಮುಗಿಸೋ ಮುಂಚೆ ಇಳಿಸ್ಕೋ.

ನನ್ನ ಚೇಷ್ಟೆಗೆ ಒಂದು ನೇಮ ಐತೆ, ನಿಂಗೆ ಗೊತ್ತು. ಯಾರನ್ನ ಏಮಾರ್ಸಿದ್ರೂ ಅವತ್ತು ಹೊತ್ತು ಮುಳುಗೋದ್ರೊಳಗೆ ಒಪ್ಕೋಬೇಕು. ಬೆಟ್ಟದ ತುದೀಲಿ, ಮೆಟ್ಟಲ್ಲಿರೋ ಕೇರಳದ ಚೆಕ್‌ಪೋಸ್ಟಲ್ಲಿ ಬೂಟ್ಸ್ ಹಾಕದ ಡ್ರೈವರ್‌ನ ಬಿಡಲ್ಲವಂತೆ ಅಂತ ಒಂದ್ಸಲ ಸುಳ್ಳು ಪುರಳಿ ಎಬ್ಬಿಸಿ, ಇಡೀ ಸ್ಟ್ಯಾಂಡು ಮದುವೆ ಬೂಟ್ಸು, ಸ್ಕೂಲ್ ಬೂಟ್ಸು ಎಲ್ಲಾ ಹಾಕ್ಕೊಂಡು ಕುಂಟ್ಕೊಂಡು ಬಂದ್ರಲ್ಲ, ಅವತ್ತೂ ಸಾಯಂಕಾಲ ಐದಕ್ಕೇ ಒಪ್ಕೊಂಡು ಒದೆ ತಿಂದೆ. ನಿಂಗೆ ಈಗ ಹೊತ್ತು ಮುಳುಗೋ ತನಕ ಕಾಯಿಸ್ಲಿಲ್ಲ, ಮುಂದಿನ ಸಾಲಲ್ಲೇ ಒಪ್ಕೊಂಡೆ. ವಯಸ್ಸಾಯ್ತು, ಕರುಣೆ ಜಾಸ್ತಿ ಆಗೈತೆ.

ಎಂದಿನ ಹಾಗೆ ನಮ್ಮ ಮನೆ ಮಾತು ಕನ್ನಡಾನ ತಮಿಳ್ ಎಳುತ್ತಲ್ಲಿ ಬರೀತಿದೀನಿ. ‘ಕ’ಕ್ಕೂ ‘ಗ’ಕ್ಕೂ ಒಂದೇ ಎಳುತ್ತು, ನೀನೇ ಎಲ್ಲೆಲ್ಲಿ ಯಾವುದು ಅಂತ ನೋಡಿ ಓದ್ಕೋ. ಜೋರಾಗಿ ಓದು, ಆಗ ತಿಳೀತದೆ. ನಿನ್ನ ಸುತ್ತ ಇರೋರಿಗೆ ಒಂದಕ್ಷರ ಅರ್ಥ ಆಗಬಾರದು, ಅದೂ ಒಂದು ಕಾರಣ. ನೀನು ಎಂದಿನಂಗೆ ತಮಿಳಲ್ಲೇ ಉತ್ತರ ಬರಿ, ತಪ್ಪಿಲ್ಲ.

ನಿನ್ನ ಕಾಗದ ಬಂದದ್ದು ಭೋಗಿ ದಿನ. ಅಜ್ಜಿ ಬಾಗಿಲ ಮುಂದೆ ಹಳೇ ಚಾಪೆ, ಮುರಿದ ಮೊರ ಎಲ್ಲಾ ಗುಡ್ಡೆ ಹಾಕಿ ಸುಡ್ತಿದ್ಲು. ನಾನು ಅಲ್ಲೇ ನಿಂತು ಓದ್ದೆ. ‘ತಾತಾ, ನನ್ನ ಲೆಕ್ಕವೇ ತಪ್ಪು. ತೈ ತಿಂಗಳ ಮೂರನೇ ಶುಕ್ರವಾರ ಲಾರಿ ಬರುತ್ತೆ, ವಂಡಿ ಏರಿಸಿ ಕೊಡು. ಮೋಟಾರ್ ಬಿಚ್ಚಿ ವೇದಸಂದೂರು ಮಿಲ್ಲಿಗೇ ವಾಪಸ್ ಕೊಡೋಣ ಅಂತ ಓನರ್‌ಗೆ ಹೇಳಿದೀನಿ. ಇನ್ಮೇಲೆ ನಾನು ಸುಟ್ಟ ಪಂಪ್‌ಸೆಟ್ಟಿಗೆ ತಂತಿ ಸುತ್ತೋ ಕೆಲಸ ಮಾತ್ರ ಮಾಡ್ತೀನಿ, ಹೊಸದೇನೂ ಕಟ್ಟಲ್ಲ.’ ಆ ಕಡೇ ಎರಡು ಮಾತು, ‘ಹೊಸದೇನೂ ಕಟ್ಟಲ್ಲ’, ಅದನ್ನ ಓದಿ ಕಾಗದಾನ ಆ ಬೆಂಕಿಗೇ ಹಾಕೋಣ ಅನ್ನಿಸ್ತು. ಹಾಕ್ಲಿಲ್ಲ. ಮಡಿಚಿ ಬನಿಯನ್ ಜೇಬಲ್ಲಿ ಇಟ್ಕೊಂಡೆ. ಎರಡು ವಾರ ಅಲ್ಲೇ ಇತ್ತು, ಚೇಳು ಇಟ್ಕೊಂಡಂಗೆ.

ಆ ವಂಡಿ ಏನು ಅಂತ ನಿಂಗೇ ನಾನು ಹೇಳ್ಬೇಕಾ? ಹೇಳ್ದೆ ಇದ್ರೆ ನಂಗೆ ತೃಪ್ತಿ ಇಲ್ಲ. ಮೂವತ್ತು ವರ್ಷ ನಾನು ಓಡಿಸಿದ ಜೀಪು. ಬೋಡಿಯಿಂದ ಮೆಟ್ಟಿಗೆ, ಮೆಟ್ಟಿಂದ ಆಚೆ ಏಲಕ್ಕಿ ಎಸ್ಟೇಟಿಗೆ, ಹೋಗೋವಾಗ ಕೂಲಿ ಹೆಂಗಸರು, ಬರೋವಾಗ ಏಲಕ್ಕಿ ಮೂಟೆ. ಸ್ಟ್ಯಾಂಡಲ್ಲಿ ನಂಬರ್ ಏಳು. ಮೂರು ವರ್ಷದ ಕೆಳಗೆ ಎಂಜಿನ್ ಸತ್ತಾಗ ಕೊಟ್ಟಿಗೇಲಿ ನಿಲ್ಲಿಸಿ, ಮೇಲೆ ಗೋಣಿ ಹೊದಿಸಿ, ನಾನೂ ಮೂಲೆ ಸೇರ್ದೆ. ಬಿದ್ದ ಏಳು ಏಳೋದಿಲ್ಲ ಅಂತ ನಾನೇ ಎಲ್ಲರ ಹತ್ರ ನಗ್ತಾ ಹೇಳ್ತಿದ್ದೆ. ನೀನು ಬಂದು ಗೋಣಿ ಎತ್ತಿ ನೋಡ್ದೆ. ‘ತಾತಾ, ಎಂಜಿನ್ ಬೇಡ, ದೇಹ ಮಾತ್ರ ಕೊಡು’ ಅಂದೆ. ದಿಂಡುಕ್ಕಲ್‌ಗೆ ಎಳೆಸ್ಕೊಂಡು ಹೋದೆ. ವೇದಸಂದೂರಿನ ನೂಲು ಮಿಲ್ಲಲ್ಲಿ ಹತ್ತಿ ಮೂಟೆ ಎತ್ತೋ ಬ್ಯಾಟ್ರಿ ಗಾಡಿಯೊಂದು ಮುರಿದು ಬಿದ್ದಿತ್ತು, ಅದರ ಮೋಟಾರ್ ಬಿಚ್ಚಿ ತಂದೆ. ನಿನ್ನ ಓನರ್ ವಿಘ್ನೇಶ್ವರನ್ ‘ಹುಚ್ಚು ಹುಡುಗಿ’ ಅಂತ ಬೈಕೊಂಡೇ ವರ್ಕ್‌ಶಾಪಲ್ಲಿ ಒಂದು ಮೂಲೆ ಬಿಟ್ಟುಕೊಟ್ಟ. ಒಂದೂವರೆ ವರ್ಷ. ಡಿಪ್ಲೊಮಾ ಓದಿದ ಇಪ್ಪತ್ಮೂರು ವಯಸ್ಸಿನ ಹುಡುಗಿ, ತಾತನ ಜೀಪಿಗೆ ಹೊಸ ಪ್ರಾಣ ಹಾಕಿ, ಸೀಟಿನ ಕೆಳಗೆ ಹನ್ನೆರಡು ಬ್ಯಾಟ್ರಿ ಜೋಡಿಸಿ, ಅದೇ ಡ್ಯಾಶ್‌ಬೋರ್ಡು, ಅದೇ ಸ್ಟೇರಿಂಗು, ಅದೇ ಕೀ ಇಟ್ಟು ಕರ್ಕೊಂಡು ಬಂದ್ಲು ಅಂತ ನಾನು ಊರೆಲ್ಲಾ ಹೇಳ್ಕೊಂಡು ತಿರುಗಿದೀನಿ. ಕೇಳದೆ ಇರೋರಿಗೂ ಹೇಳಿದೀನಿ.

ಒಂದು ಮಾತು ಮಾತ್ರ ಯಾರಿಗೂ ಹೇಳಿರ್ಲಿಲ್ಲ, ಅದು ನಮ್ಮಿಬ್ಬರದ್ದು. ನಿಂಗೆ ಎಂಟು ವರ್ಷ ಇದ್ದಾಗ ಮೆಟ್ಟಿಂದ ಇಳಿಯೋವಾಗ ನನ್ನ ತೊಡೆ ಮೇಲೆ ಕೂತಿದ್ದೆ. ಮೊದಲ ತಿರುವಿಗೆ ಬಂದಂಗೆ ನಾನು ಕೀ ಆರಿಸ್ದೆ. ನಮ್ಮ ಘಾಟಿ ಡ್ರೈವರ್‌ಗಳ ಕೈಗುಣ ಅದು. ಇಳಿಜಾರಲ್ಲಿ ಎಂಜಿನ್ ಆರಿಸಿಬಿಟ್ರೆ ಡೀಸೆಲ್ ಉಳೀತದೆ, ವಂಡಿ ತಾನೇ ಜಾರ್ಕೊಂಡು ಹೇರ್‌ಪಿನ್ನಿನಂಥ ಹದಿನೇಳು ಕೊಂಡೆ ಊಸಿ ತಿರುವು ಇಳಿದು ಬರ್ತದೆ. ತಪ್ಪು ಅಂತ ಎಲ್ರಿಗೂ ಗೊತ್ತು, ಎಲ್ರೂ ಮಾಡ್ತಾರೆ. ಈ ಸ್ಟ್ಯಾಂಡಿಗೆ ಅದನ್ನ ಕಲಿಸಿದ ವಾದ್ಯಾರ್ ನಾನೇ. ಸದ್ದು ನಿಂತ ತಕ್ಷಣ ನೀನು ಕೇಳ್ದೆ, ‘ತಾತಾ, ವಂಡಿ ಯಾಕೆ ಸುಮ್ನಾಯ್ತು?’ ‘ನಿದ್ದೆ ಮಾಡ್ತೈತೆ ಕಣ್ಣು, ಬೆಟ್ಟವೇ ಎತ್ಕೊಂಡು ಇಳಿಸ್ತದೆ’ ಅಂದೆ. ನೀನು ನಾಲ್ಕು ತಿರುವು ಯೋಚನೆ ಮಾಡಿ, ‘ಏರೋವಾಗ ಅಷ್ಟು ಬಲ ಕೊಟ್ವಲ್ಲ, ಇಳಿಯೋವಾಗ ಆ ಬಲ ಎಲ್ಲಿ ಹೋಗ್ತದೆ?’ ಅಂತ ಕೇಳ್ದೆ. ನಂಗೆ ಗೊತ್ತಿರ್ಲಿಲ್ಲ. ‘ಬೆಟ್ಟದ ಅಜ್ಜಿ ಸೆರಗಲ್ಲಿ ಕಟ್ಕೋತಾಳೆ’ ಅಂತ ತಳ್ಳಿಬಿಟ್ಟೆ. ಹದಿನೈದು ವರ್ಷ ಆದ್ಮೇಲೆ ನೀನು ಆ ಅಜ್ಜಿ ಸೆರಗಿನ ಗಂಟು ಬಿಚ್ಚಿಸಿದ್ದೆ. ‘ತಾತಾ, ಇದು ಇಳಿಯೋವಾಗ ಮೋಟಾರೇ ತಿರುಗಿ ಬ್ಯಾಟ್ರಿ ತುಂಬ್ತದೆ. ಏರೋವಾಗ ಮೀಟರ್ ಮುಳ್ಳು ಬಲಕ್ಕೆ, ಇಳಿಯೋವಾಗ ಎಡಕ್ಕೆ’ ಅಂದಾಗ ನನ್ನ ಎದೆ ಹಿಗ್ಗಿ ಅಂಗಿ ಗುಂಡಿ ಹಾರಿಹೋಯ್ತು. ಅಜ್ಜಿ ಇನ್ನೂ ಹೊಲಿದು ಕೊಟ್ಟಿಲ್ಲ.

ಆದ್ರೆ ಸ್ಟ್ಯಾಂಡಿನವರ ಸಂದೇಹ ಇತ್ತಲ್ಲ, ಅಬ್ಬಾ. ನೀನು ಕೇಳಿದ್ದು ಕಾಲು ಭಾಗ. ಸಾಲಿನ ತಲೈವರ್ ಪೆರುಮಾಳ್ ಸುತ್ತಿ ಸುತ್ತಿ ನೋಡಿ, ‘ಯೋವ್ ಮುತ್ತಯ್ಯಾ, ದಿನಾ ನಾಲ್ಕು ಸಲ ಕರೆಂಟ್ ಹೋಗೋ ಊರಿಗೆ ಕರೆಂಟ್ ವಂಡಿ ತಂದಿದೀಯಲ್ಲಯ್ಯಾ. ನನ್ನ ವಂಡಿ ದಾರೀಲಿ ನಿಂತ್ರೆ ಕ್ಯಾನ್ ಹಿಡ್ಕೊಂಡು ಹೋಗಿ ಡೀಸೆಲ್ ತರ್ತೀನಿ. ನಿನ್ನ ಕರೆಂಟ್‌ನ ಯಾವ ಕ್ಯಾನಲ್ಲಿ ತರ್ತೀಯ?’ ಅಂದ. ಆಂಡಿಗೆ ಅದರ ಮೌನವೇ ಭಯ. ‘ತಿರುವಲ್ಲಿ ಎದುರು ವಂಡಿ ಸದ್ದು ಕೇಳ್ಕೊಂಡೇ ನಾವು ಬದುಕಿರೋದು, ಇದು ಕಳ್ಳ ಬೆಕ್ಕಿನಂಗೆ ಬಂದ್ರೆ?’ ಅಂತ. ಪಾಂಡಿಗೆ ಗೇರ್ ಇಲ್ಲದ್ದೇ ಸಂಕಟ. ಗೇರ್ ಇಲ್ಲದೆ ಓಡಿಸೋದು ಹಲ್ಲಿಲ್ಲದ ಬಾಯಲ್ಲಿ ಮುರುಕು ತಿಂದಂಗೆ ಅಂದ, ನನ್ನ ಬಾಯಿ ನೋಡ್ಕೊಂಡೇ ಅಂದ ಬಡವ. ಇನ್ನೊಬ್ಬ, ಚಿಕ್ಕ ಡೀಸೆಲ್ ಎಂಜಿನ್ನೂ ಜೊತೇಲಿ ಇಡ್ಸಿಬಿಡಿ, ಒಂದು ಕೈ ಕೊಟ್ರೆ ಇನ್ನೊಂದು ಇರ್ಲಿ, ನಮ್ಮ ಮುರುಗನಿಗೇ ಎರಡು ಹೆಂಡ್ತಿ ಅಲ್ವಾ ಅಂದ. ಎಲ್ಲಾ ನಕ್ರು. ನಮ್ಮ ಪೇಚ್ಚಿ ಅಲ್ಲೇ ಟೀ ಕುಡೀತಿದ್ಲು, ತಲೆ ಎತ್ತದೆ ಹೇಳಿದ್ಲು, ‘ಎರಡು ಹೆಂಡ್ತಿ ಇದ್ದೋನೂ ಪಳನಿ ಬೆಟ್ಟದ ಮೇಲೆ ಒಬ್ಬನೇ ಕೋಲು ಹಿಡ್ಕೊಂಡು ನಿಂತವ್ನೆ. ಬೆಟ್ಟಕ್ಕೆ ಒಂದೇ ಸಾಕು.’ ಅವತ್ತಿಂದ ಆ ಎರಡು ಎಂಜಿನ್ ಮಾತು ಯಾರೂ ಎತ್ತಿಲ್ಲ.

ಮಳೇಲಿ ಷಾಕ್ ಹೊಡೀತದೆ ಅನ್ನೋದು ದೊಡ್ಡ ಪುರಳಿ. ಅದನ್ನ ನಾನೇ ಮುಗಿಸೋಣ ಅಂತ ವಂಡಿ ಒಳಗೆ ಕೂತು, ಪಾಂಡಿ ಕೈಲಿ ಎಂಟು ಕೊಡ ನೀರು ಮೇಲೆ ಹೊಯ್ಯಿಸ್ಕೊಂಡೆ. ಏಳು ಕೊಡದ ತನಕ ನೇಮವಾಗಿ ಕೂತಿದ್ದೆ. ಎಂಟನೇದಕ್ಕೆ ಕೈ ಸುಮ್ನಿರ್ಲಿಲ್ಲ, ಸ್ಟೇರಿಂಗ್ ಹಿಡ್ಕೊಂಡು ಗಡಗಡ ನಡುಗಿ ‘ಅಯ್ಯೋ’ ಅಂತ ನಾಲಿಗೆ ಚಾಚಿ ಒರಗಿಬಿಟ್ಟೆ. ಪೆರುಮಾಳ್ ಬಿದಿರು ಕೋಲು ತಗೊಂಡು ಓಡಿಬಂದು, ಕರೆಂಟಿಂದ ಬಿಡಿಸೋಕೆ ಅಂತ ನನ್ನ ಪಕ್ಕೆಗೆ ಮೂರು ಬಾರಿಸ್ದ. ಕಣ್ಣು ಬಿಟ್ಟು ನಕ್ಕೆ. ನಾಲ್ಕನೇದು ಗೊತ್ತಿದ್ದೇ ಬಾರಿಸ್ದ. ‘ನಿನ್ನ ವಂಡೀನ ನಂಬಿದ್ರೂ ನಂಬ್ತೀನಿ, ನಿನ್ನ ನಂಬಲ್ಲ’ ಅಂದ.

ಸ್ಟ್ಯಾಂಡಿನ ಕಟ್ಟಳೆ ನಿಂಗೆ ಗೊತ್ತೇ ಐತೆ. ಹೊಸ ವಂಡಿ ಬಂದ್ರೆ ತುಂಬಿದ ಹೊರೆ ಹೊತ್ಕೊಂಡು ಮೆಟ್ಟಿಗೆ ಏರಿ ಇಳಿದು ಬರ್ಬೇಕು, ಬೋಡೀಲಿ ಏನು ಕುಡಿದಿತ್ತೋ ಅಷ್ಟರಲ್ಲೇ, ಮಧ್ಯೆ ಒಂದು ತೊಟ್ಟು ಹಾಕೋಹಾಗಿಲ್ಲ. ಬಂದ್ರೆ ಸಾಲಲ್ಲಿ ನಂಬರ್, ಇಲ್ದಿದ್ರೆ ಇಲ್ಲ. ಎಂಜಿನ್ ಬದಲಾದ ವಂಡಿ ಹೊಸ ವಂಡೀನೇ ಅಂತ ಪೆರುಮಾಳ್ ತೀರ್ಪು. ಕಾರ್ತಿಕೆ ಕಡೇ ಸೋಮವಾರ ನಾನೇ ಓಡಿಸ್ತೀನಿ ಅಂತ ಹಠ ಹಿಡಿದು ಹೊರಟೆ. ನೀನು ಅಜ್ಜಿ ಜೊತೆ ಸ್ಟ್ಯಾಂಡಲ್ಲೇ ಆರತಿ ತಟ್ಟೆ ಹಿಡ್ಕೊಂಡು ಕಾಯ್ತಾ ಇದ್ದೆ. ಏರಿದ್ದು ನೋಡ್ಬೇಕಿತ್ತು ನೀನು! ಆನೆ ಮೇಲೆ ಕೂತಂಗೆ. ಪಾಂಡಿ ಜೀಪು ಹಿಂದೆ ಗೂರಲು ಕೆಮ್ತಾ ಬರ್ತಿದೆ, ನಂದು ಉಸಿರೇ ಎತ್ತದೆ ಹೋಗ್ತಿದೆ. ಮೆಟ್ಟಲ್ಲಿ ಟೀ ಕುಡಿದು, ಎಸ್ಟೇಟ್ ಹೆಂಗಸರನ್ನೂ ಮೂಟೇನೂ ತುಂಬ್ಕೊಂಡು ಇಳಿಯೋಕೆ ಶುರು ಮಾಡ್ದೆ.

ಮುಂದಿನದು ನಿಂಗೆ ಗೊತ್ತು. ಹನ್ನೆರಡನೇ ತಿರುವಲ್ಲಿ ಚಕ್ರದಿಂದ ಹೊಗೆ, ಸುಟ್ಟ ವಾಸನೆ. ಹಿಂದಿಂದ ಪಾಂಡಿ ‘ಬ್ಯಾಟ್ರಿ ಉರೀತೈತೆ, ಇಳೀರಿ ಇಳೀರಿ’ ಅಂತ ಕೂಗಿದ್ದಕ್ಕೆ ಹೆಂಗಸರೆಲ್ಲಾ ರೋಡಿಗೆ ಹಾರಿದ್ರು. ಎಸ್ಟೇಟ್ ಕೂಲಿ ಪಿಚ್ಚೈಯಮ್ಮಾಳ್ ಮೊಣಕಾಲು ತರಚ್ತು. ಆಮೇಲೆ ಬೆಟ್ಟದ ಬುಡದ ಮುಂದಲ್ ಚೆಕ್‌ಪೋಸ್ಟ್ ದಾಟಿ ಸಮತಟ್ಟು ರೋಡಿಗೆ ಬಂದು ಎರಡು ಮೈಲಿ, ಹುಣಸೇ ಮರದ ಹತ್ರ ವಂಡಿ ನಿಂತೇ ಹೋಯ್ತು. ಪೆರುಮಾಳ್ ಹಗ್ಗ ಕಟ್ಟಿ ಎಳ್ಕೊಂಡು ಬಂದ, ಸತ್ತ ಎಮ್ಮೆ ತಂದಂಗೆ. ನೀನು ಆರತಿ ತಟ್ಟೆ ಕೆಳಗಿಟ್ಟು, ನೋಟ್‌ಬುಕ್ ತೆಗೆದು, ಒಂದೇ ಒಂದು ಮಾತು ಕೇಳ್ದೆ. ‘ತಾತಾ, ಇಳಿಯೋವಾಗ ಮುಳ್ಳು ಎಡಕ್ಕೆ ಹೋಯ್ತಾ?’ ನಾನು, ‘ಹೋಯ್ತು ಕಣ್ಣು, ಚೆನ್ನಾಗೇ ಹೋಯ್ತು’ ಅಂದೆ. ನೀನು ಅದನ್ನ ಬರ್ಕೊಂಡೆ. ಬಹಳ ಹೊತ್ತು ಕೂಡಿ ಕಳೆದು, ಪುಸ್ತಕ ಮುಚ್ಚಿ, ‘ಹಂಗಾದ್ರೆ ನನ್ನ ಲೆಕ್ಕವೇ ತಪ್ಪು’ ಅಂದೆ. ಐದು ಗಂಟೆ ಬಸ್ಸಿಗೆ ಹೋದೆ. ಕಿಟಕಿಯಿಂದ ಕೈ ಆಡಿಸ್ಲಿಲ್ಲ.

ಸ್ಟ್ಯಾಂಡಲ್ಲಿ ಎಲ್ರೂ ಏನಂದ್ರು ಗೊತ್ತಾ? ‘ಮುದುಕ ಏನೋ ಚೇಷ್ಟೆ ಮಾಡವ್ನೆ’ ಅಂತಲೇ ಮೊದಲು. ನನ್ನ ಪಂಚೆ ಕೊಡವಿ ನೋಡಿದ್ರು, ಬಚ್ಚಿಟ್ಟ ವೈರ್ ಏನಾದ್ರೂ ಐತಾ ಅಂತ. ‘ಮೊಮ್ಮಗಳ ವಂಡಿ ಮೇಲೆ ಚೇಷ್ಟೆ ಮಾಡ್ತೀನಾ’ ಅಂತ ಕೋಪ ಬಂದು ಬೈದೆ. ಅವರೂ ಒಪ್ಕೊಂಡ್ರು, ಹೌದು ಪಾವಂ, ಅಷ್ಟು ಕೆಟ್ಟೋನಲ್ಲ ಅಂತ.

ಮಾರ್ಗಳಿ ತಿಂಗಳೆಲ್ಲಾ ವಂಡಿ ನಮ್ಮ ಕೊಟ್ಟಿಗೇಲಿ. ದಿನಾ ಬೆಳಗ್ಗೆ ಕರೆಂಟ್ ಇದ್ದಾಗ ಚಾರ್ಜಿಗೆ ಹಾಕ್ತಿದ್ದೆ, ನೀನು ಹೇಳಿಕೊಟ್ಟಂಗೆ ಬ್ಯಾಟ್ರಿಗೆ ನೀರು ಹೊಯ್ತಿದ್ದೆ, ಹಸೂಗೆ ಹೊಯ್ದಂಗೆ. ಒಂದು ದಿನ ಮನೆ ಮುಂದಿನ ಇಳಿಜಾರಲ್ಲಿ ಕೊಟ್ಟಿಗೆಯಿಂದ ಹೊರಗೆ ಬಿಟ್ಟೆ, ಕಸ ಗುಡಿಸೋಕೆ. ಕೀ ಆನ್‌ನಲ್ಲೇ ಇತ್ತು. ಹತ್ತು ಗಜ ಉರುಳಿದ್ದಕ್ಕೇ ಮುಳ್ಳು ಎಡಕ್ಕೆ ತಿರುಗಿ ನಿಂತ್ತು, ಕಳ್ಳ ನೋಟ ನೋಡಿದಂಗೆ. ಯಾರೋ ಹಿಂದಿಂದ ಹಗ್ಗ ಹಿಡಿದಂಗೆ ವಂಡಿ ತಾನೇ ತಡೀತು. ಮತ್ತೆ ಮೇಲೆ ತಗೊಂಡು ಹೋಗಿ ಕೀ ಆರಿಸಿ ಬಿಟ್ಟೆ. ಮುಳ್ಳು ಅಲ್ಲಾಡ್ಲಿಲ್ಲ, ವಂಡಿ ಕಲ್ಲುಗುಂಡಿನಂಗೆ ಉರುಳ್ತು. ಅಲ್ಲೇ ಹಟ್ಟಿ ಕಲ್ಲಿನ ಮೇಲೆ ಕೂತ್ಕೊಂಡೆ. ಕಸಬರಿಕೆ ಕೈಲೇ ಇತ್ತು. ಕೀ ಆನ್ ಇದ್ರೆ ಮಾತ್ರ ಬೆಟ್ಟದ ಅಜ್ಜಿ ಗಂಟು ಬಿಚ್ತಾಳೆ. ಆರಿಸಿದ್ರೆ ಸೆರಗು ಕೊಡವ್ಕೊಂಡು ಹೋಗ್ತಾಳೆ. ನೀನು ಘಾಟಿ ಡ್ರೈವರ್ ಅಲ್ಲ, ಇಳಿಯೋವಾಗ ಯಾರಾದ್ರೂ ಕೀ ಆರಿಸ್ತಾರೆ ಅಂತ ನಿಂಗೆ ಕನಸಲ್ಲೂ ಹೊಳೆದಿರಲ್ಲ. ತೊಡೆ ಮೇಲೆ ಕೂತಿದ್ದ ದಿನ ಬೆಟ್ಟವೇ ಇಳಿಸ್ತದೆ ಅಂತ ಹೇಳಿದ್ದೆನೇ ಹೊರ್ತು, ಕೀ ಮಾತು ಹೇಳಿರ್ಲಿಲ್ಲ.

ಅದಾದ್ಮೇಲೆ ನಿನ್ನ ಕಾಗದ ಬಂತು. ಶುಕ್ರವಾರದೊಳಗೆ ಆಗ್ಬೇಕಿತ್ತು. ಪೆರುಮಾಳ್ ಮನೆಗೆ ನಾಲ್ಕು ಸಲ ಹೋದೆ. ಐದನೇ ಸಲಕ್ಕೆ, ‘ಸರಿ, ಇನ್ನೊಂದ್ಸಲ. ಆದ್ರೆ ಓಡಿಸೋದು ನಾನು. ನಿನ್ನ ಕೈ ಚೇಷ್ಟೆ ಕೈ’ ಅಂದ. ಒಳ್ಳೇದೇ ಆಯ್ತು ಅಂದ್ಕೊಂಡೆ. ಆಮೇಲೆ ಹೊಳೀತು, ಪೆರುಮಾಳ್‌ಗೆ ಓಡ್ಸೋದು ಕಲಿಸಿದ್ದೂ ನಾನೇ. ಅವನ ಕೈಯೂ ಮೊದಲ ತಿರುವಿಗೇ ಕೀಗೆ ಹೋಗ್ತದೆ. ಹೇಳಿದ್ರೆ ‘ಸರಿ ಸರಿ’ ಅಂತಾನೆ, ಕೈ ಕೇಳಲ್ಲ. ಮೂವತ್ತು ವರ್ಷದ ಕೈಗೆ ಕಿವಿ ಇರಲ್ಲ. ಅದಕ್ಕೆ ಬುಧವಾರ ಬೆಳಗ್ಗೆ ಬೇಗ ಎದ್ದು, ನೀನು ಹೋದ ವರ್ಷ ನಮ್ಮ ಬಾಗಿಲಿಗೆ ಅಂತ ತಂದು ಕೊಟ್ಟಿದ್ದ ದಿಂಡುಕ್ಕಲ್ ಬೀಗ ತೆಗೆದು, ಕೀ ಆನ್ ಮಾಡಿ, ಕೀ ಕಿವಿಗೂ ಡ್ಯಾಶ್‌ಬೋರ್ಡ್ ಕೊಕ್ಕೆಗೂ ಸೇರಿಸಿ ಬೀಗ ಜಡಿದೆ. ಆನೆ ಬಂದ್ರೂ ಆರಿಸೋಕಾಗಲ್ಲ. ಆಪತ್ತಿಗೆ ನೀನು ಸೀಟ್ ಪಕ್ಕ ಇಟ್ಟ ಕೆಂಪು ಗುಂಡಿ ಐತೆ, ಅದನ್ನ ಮುಟ್ಟಿಲ್ಲ. ಮೇಲೆ ಒಂದು ಅರಿಶಿನ ಬಟ್ಟೆ ಸುತ್ತಿ, ಹೂ ಮುಡಿಸಿ, ಸಾಮಿ ಕಾಪು ಅಂತ ಹೇಳ್ದೆ. ಪೆರುಮಾಳ್ ಭಕ್ತಿಯಿಂದ ಕಣ್ಣಿಗೊತ್ಕೊಂಡ.

ಏರಿದ್ವಿ. ನಾನು ಪಕ್ಕದಲ್ಲಿ. ಹಿಂದೆ ಮೂಟೆ, ಹೆಂಗಸರು. ಪಿಚ್ಚೈಯಮ್ಮಾಳ್ ಮಾತ್ರ ಮೆಟ್ಟಲ್ಲಿ ಬರಲ್ಲ ಅಂತ ಹಠ ಮಾಡಿದ್ಲು, ಮೊಣಕಾಲು ತೋರಿಸಿದ್ಲು. ‘ಈ ಸಲ ಹೊಗೆ ಬಂದ್ರೆ ನನ್ನ ಮೀಸೆ ಬೋಳಿಸ್ಕೋ’ ಅಂದೆ. ಆ ಆಸೆಗೇ ಹತ್ತಿದ್ಲು. ಇಳಿಯೋಕೆ ಶುರುವಾಯ್ತು. ಮೊದಲ ತಿರುವು. ಪೆರುಮಾಳ್ ಕಣ್ಣು ರೋಡಲ್ಲಿ, ಬಾಯಲ್ಲಿ ವೆತ್ತಿಲೆ ಅಡಿಕೆ, ಎಡಗೈ ತಾನಾಗೇ ಹೋಗಿ ಹೂವು ಕಿತ್ತು, ಬಟ್ಟೆ ಸರಿಸಿ, ತಟ್ ಅಂತ ಕಬ್ಬಿಣ ಮುಟ್ತು.

‘ಯೋವ್! ಏನಯ್ಯಾ ಇದು! ಕೀಗೇ ಬೀಗ ಹಾಕಿದೀಯ!’

‘ದಿಂಡುಕ್ಕಲ್ ಊರಿಂದ ಬಂದ ಬೀಗ. ಮೊಮ್ಮಗಳ ಊರಿನ ಬೀಗರು ಅಂದ್ರೆ ಮಾತು ಕೇಳ್ಲೇಬೇಕು’ ಅಂದೆ.

‘ಅದರ ಕೀ ಎಲ್ಲಿ?’

‘ಬೋಡೀಲಿ, ಪೇಚ್ಚಿ ಸೆರಗಿನ ತುದೀಲಿ.’

ಮುಂದಿನ ಎರಡು ತಿರುವು ಅವನು ಬೈದ ಬೈಗುಳನ ತಮಿಳ್ ಎಳುತ್ತಲ್ಲೂ ಬರೆಯೋಕಾಗಲ್ಲ. ನಾಲ್ಕನೇ ತಿರುವಲ್ಲಿ ಬೈಗುಳ ನಿಂತ್ತು. ‘ಏನಯ್ಯಾ, ಯಾರೋ ಹಿಂದಿಂದ ಮೂಗುದಾರ ಹಿಡಿದಂಗೈತೆ. ಬ್ರೇಕ್ ಮೇಲೆ ಕಾಲೇ ಬೇಡ’ ಅಂದ. ಮೀಟರ್ ನೋಡಿ, ‘ಮುಳ್ಳು ಹಿಂದಕ್ಕೆ ಹೋಗ್ತೈತೆ, ಕೆಟ್ಟೋಯ್ತಾ?’ ಅಂದ. ‘ಕೆಟ್ಟಿಲ್ಲ, ಕುಡೀತೈತೆ’ ಅಂದೆ. ‘ಕೆಲಸ ಇಳಿದ್ಮೇಲೆ ಕುಡಿಯೋದಾ, ನಮ್ಮ ಪಾಂಡಿ ಜಾತಿ’ ಅಂದು ಮೊದಲ್ನೇ ಸಲ ನಕ್ಕ. ಕೆಳಗೆ ಮುಂದಲ್ ಬೋರಿಂಗ್ ಹತ್ರ ಎಲ್ಲಾ ಘಾಟಿ ವಂಡೀನೂ ನಿಲ್ಲಿಸಿ, ಕಾದ ಚಕ್ರಕ್ಕೆ ನೀರು ಹೊಯ್ತಾರಲ್ಲ. ಪೆರುಮಾಳ್ ರೂಢಿ ಪ್ರಕಾರ ಚೊಂಬು ತುಂಬ್ಕೊಂಡು ಬಂದ, ಚಕ್ರದ ಡ್ರಮ್ ಮೇಲೆ ಅಂಗೈ ಇಟ್ಟ. ತೆಗೀಲಿಲ್ಲ. ನಾಲ್ಕು ಚಕ್ರಕ್ಕೂ ಇಟ್ಟು ನೋಡ್ದ, ಜ್ವರ ನೋಡಿದಂಗೆ. ಆಮೇಲೆ ಆ ಚೊಂಬು ನೀರನ್ನ ತಾನೇ ಕುಡಿದ.

ಅಲ್ಲಿಂದ ಹುಣಸೇ ಮರದ ಕಡೆ ಹೊರಟ್ವಿ. ಮರ ಬಂತು. ನಾನು ಕಣ್ಣು ಮುಚ್ಕೊಂಡೆ, ಸುಳ್ಳು ಯಾಕೆ ಹೇಳ್ಲಿ. ಕಣ್ಣು ಬಿಟ್ಟಾಗ ಮರ ಹಿಂದೆ ಇತ್ತು. ಹಿಂದಿಂದ ಪಿಚ್ಚೈಯಮ್ಮಾಳ್, ‘ಅಯ್ಯೋ, ಮೀಸೆ ತಪ್ಪೋಯ್ತಲ್ಲಾ’ ಅಂದ್ಲು. ಬೋಡಿಗೆ ಬಂದು ಸ್ಟ್ಯಾಂಡ್ ಸುತ್ತು ಹಾಕಿ, ಇನ್ನೂ ಉಸಿರಿತ್ತು ಅಂತ ಪೆರುಮಾಳ್ ಬೇಕಂತ್ಲೇ ಮಾರ್ಕೆಟ್ ತನಕ ಹೋಗಿ ಬಂದ. ನಿಲ್ಲಿಸ್ದ. ಹೊಸ ನಂಬರ್ ಬರೆಯೋಕೆ ಪಾಂಡಿ ಬಣ್ಣ ತಂದ, ಮೂವತ್ತೆರಡು. ಪೆರುಮಾಳ್ ಕುಂಚ ಕಿತ್ಕೊಂಡು, ‘ಏಳು ಇನ್ನೂ ಯಾರಿಗೂ ಕೊಟ್ಟಿಲ್ಲ’ ಅಂತ ಹೇಳಿ ತಾನೇ ಬರೆದ. ಬಿದ್ದ ಏಳು ಎದ್ದುಬಿಡ್ತು ಕಣ್ಣೂ. ಕಡೇಲಿ ನನ್ನ ಪಕ್ಕ ಬಂದು, ಯಾರಿಗೂ ಕೇಳದಂಗೆ, ‘ನಿನ್ನ ಮೊಮ್ಮಗಳಿಗೆ ಅಂಥ ಮೋಟಾರ್ ಇನ್ನೊಂದು ಸಿಗ್ತದಾ ಕೇಳು’ ಅಂದ. ಪೆರುಮಾಳ್! ಕ್ಯಾನ್ ಪೆರುಮಾಳ್! ನಾನು ಸತ್ತ ದಿನ ಇದನ್ನ ಹೇಳಿದ್ರೆ ಎದ್ದು ಕೂರ್ತೀನಿ.

ಎಲ್ಲಾ ಸಂದೇಹ ತೀರ್ತು ಅಂತ ಬರೆದ್ರೆ ತಪ್ಪಾಗ್ತದೆ. ಮೂರು ವರ್ಷಕ್ಕೆ ಬ್ಯಾಟ್ರಿ ಸಾಯ್ತದಂತಲ್ಲ, ಆಮೇಲೆ ಏನು ಅಂತ ಆಂಡಿ ಕೇಳ್ದ. ತಿರುವಲ್ಲಿ ಸದ್ದಿಲ್ಲದ್ದಕ್ಕೆ ಏನು ಮಾಡೋದು ಅಂತಲೂ ಕೇಳ್ದ. ಸದ್ಯಕ್ಕೆ ಎರಡು ಹಸುವಿನ ಗಂಟೆ ಕಟ್ಟಿದೀನಿ. ಬ್ಯಾಟ್ರಿ ಮಾತಿಗೆ ಉತ್ತರ ನಿನ್ನತ್ರ ಐತೆ, ನೀನೇ ಬಂದು ಹೇಳು. ಕರೆಂಟ್ ತರೋ ಕ್ಯಾನೂ ಬರೋವಾಗ ತಾ.

ಇಷ್ಟೂ ಎಸ್‌ಟಿಡಿ ಬೂತಿಂದ ಹೇಳ್ಬೋದಿತ್ತು. ಗೆದ್ದ ಸುದ್ದಿಗೆ ಬಾಯಿ ಸಾಕು. ಕಾಗದ ಬರೆದದ್ದು ಇನ್ನೊಂದಕ್ಕೆ.

ನಾನು ಮಾಡದ ಎಷ್ಟೋ ಚೇಷ್ಟೆ ಊರು ನನ್ನ ತಲೆಗೆ ಕಟ್ಟೈತೆ, ನಕ್ಕಿದೀನಿ. ಕಾರ್ತಿಕೆ ಸೋಮವಾರ ಮಾತ್ರ ಪಂಚೆ ಕೊಡವಿ ನೋಡಿ ನನ್ನ ಬಿಟ್ಟುಬಿಟ್ರು, ಅವತ್ತು ನಗೋಕಾಗ್ಲಿಲ್ಲ. ಮೊದಲ ತಿರುವಿಗೇ ನಾನು ಕೀ ಆರಿಸಿದ್ದೆ, ಇಂದೂ. ಬೇಕಂತ ಅಲ್ಲ, ಅದೇ ಜೀಪು, ಅದೇ ಕೀ, ಕೈ ತಾನೇ ಹೋಯ್ತು. ಹದಿನೇಳು ತಿರುವೂ ಬರೀ ಬ್ರೇಕಲ್ಲಿ ಇಳಿಸ್ದೆ. ಉರಿದದ್ದು ಬ್ಯಾಟ್ರಿ ಅಲ್ಲ, ನನ್ನ ಬ್ರೇಕು. ಅಷ್ಟೇ ಆಗಿದ್ರೆ ಅದು ಕೈ ತಪ್ಪು, ನೀನು ಕ್ಷಮಿಸ್ತಿದ್ದೆ. ಆದ್ರೆ ನೀನು ನೋಟ್‌ಬುಕ್ ಹಿಡ್ಕೊಂಡು ಮುಳ್ಳು ಎಡಕ್ಕೆ ಹೋಯ್ತಾ ಅಂತ ಕೇಳಿದಾಗ, ನಾನು ಆ ಮೀಟರ್ ಕಡೆ ಒಂದ್ಸಲಾನೂ ನೋಡಿರ್ಲಿಲ್ಲ. ನೋಡ್ಲಿಲ್ಲ ಅಂದ್ರೆ ಮೂವತ್ತು ವರ್ಷದ ಡ್ರೈವರ್ ಮರ್ಯಾದೆ ಏನಾಗ್ತದೆ ಅಂತ, ಅಷ್ಟು ಜನರ ಮುಂದೆ, ‘ಚೆನ್ನಾಗೇ ಹೋಯ್ತು’ ಅಂದುಬಿಟ್ಟೆ. ನನ್ನ ಮಾತು ನಂಬಿ ನೀನು ನಿನ್ನ ಲೆಕ್ಕ ಹೊಡೆದು ಹಾಕಿದೆ. ಕೊಟ್ಟಿಗೆ ಮುಂದೆ ನಿಜ ತಿಳಿದ್ಮೇಲೂ ಬರೀಲಿಲ್ಲ. ಬಸ್ ಕಿಟಕೀಲಿ ಕೈ ಆಡಿಸದ ನಿನ್ನ ನೋಡಿದ್ಮೇಲೂ ಬರೀಲಿಲ್ಲ. ಹೊತ್ತು ಮುಳುಗೋ ನೇಮ ಇಟ್ಕೊಂಡೋನು, ನಲ್ವತ್ತೈದು ಹೊತ್ತು ಮುಳುಗಿಸಿಬಿಟ್ಟೆ.

ನೋಟ್‌ಬುಕ್ಕಲ್ಲಿ ಆ ಪುಟ ತೆಗಿ. ‘ಮುಳ್ಳು ಎಡಕ್ಕೆ’ ಅಂತ ಇರೋ ಕಡೆ ‘ತಾತ ಸುಳ್ಳು ಹೇಳ್ದ’ ಅಂತ ಬರ್ಕೋ. ಮಿಕ್ಕ ಒಂದು ಅಂಕಿಯೂ ತಿದ್ದಬೇಡ, ಎಲ್ಲಾ ಸರಿ ಐತೆ. ಇವತ್ತು ಬೆಳಗ್ಗೆ ಸ್ಟ್ಯಾಂಡಲ್ಲಿ ಎಲ್ರ ಮುಂದೆ ಹೇಳ್ದೆ. ಪೆರುಮಾಳ್ ಬಿದಿರು ಕೋಲು ಹುಡುಕ್ತಿದ್ದ, ಸಿಗ್ಲಿಲ್ಲ, ನಾನು ಮೊದಲೇ ಬಚ್ಚಿಟ್ಟಿದ್ದೆ. ನೀನು ಬಂದಾಗ ತೆಗೆದು ಕೊಡ್ತೀನಿ.

ಏರೋವಾಗ ನಿಂಗೆ ಬಲ ಇರ್ಲಿ, ಇಳಿಯೋವಾಗ ಕೀ ಆನ್ ಇರ್ಲಿ, ಕಟ್ಟೋ ಕೈ ನಿಲ್ದೆ ಇರ್ಲಿ ತಾಯಿ.

ಮುಳ್ಳು ನೋಡದ, ಕೀ ಆರಿಸಿದ
ನಿನ್ನ ತಾತ,
ಮುತ್ತಯ್ಯ